ಮನ್ಸಿಕ್ಕಿಯ ಗಡಗಡ

ಸುಟ್ಟ ಎಂಜಿನ್ ಎಣ್ಣೆಯ ವಾಸನೆಗೆ ಏಲಕ್ಕಿ ಬನ್ನಿನ ಘಮ ಬೆರೆತರೆ ಸಾಕು, ಓಸ್ಮೊನಿಗೆ ಮತ್ತೆ ಏಳು ವರ್ಷವಾಗಿಬಿಡುತ್ತಿತ್ತು. ಕೊಟ್ಟಿಗೆಯಲ್ಲಿ ಅಪ್ಪ ಟ್ರ್ಯಾಕ್ಟರಿನ ಕೆಳಗೆ ಮಲಗಿರುತ್ತಿದ್ದರು. ಅಮ್ಮ ಬಿಸಿ ಬನ್ನು ತಂದು ಅವರ ಎಣ್ಣೆಗೈಗೇ ಇಟ್ಟುಹೋಗುತ್ತಿದ್ದಳು. ಪಕ್ಕದಲ್ಲಿ ಮನ್ಸಿಕ್ಕಿ ಎಂಬ ಕೆಂಪು ಹಸು ಮೆಲುಕು ಹಾಕುತ್ತಿತ್ತು.

ಮೇ ತಿಂಗಳ ಆ ಶನಿವಾರ ಹಿರ್ವಿಯೊಕಿ ಹಳ್ಳಿಯ ಜಲ್ಲಿ ಗುಂಡಿಯ ಬಯಲಿನಲ್ಲೂ ಅದೇ ವಾಸನೆ. ಮೂಲೆಗಳಲ್ಲಿ ಇನ್ನೂ ಕೊಳಕು ಹಿಮ ಉಳಿದಿತ್ತು. ಹಳ್ಳಿಯ ರ‍್ಯಾಲಿ ಕ್ಲಬ್ಬಿನ ಹೊಸ ಋತುವಿನ ಮೊದಲ ಸ್ಪರ್ಧೆ. ಐವತ್ತೆರಡರ ಓಸ್ಮೊನ ಎದೆ ಹಬೆಸ್ನಾನದ ಸೌನಾದಲ್ಲಿ ಕಾದ ಕಲ್ಲಿಗೆ ನೀರು ಬಿದ್ದಂತೆ ಚುರುಗುಟ್ಟುತ್ತಿತ್ತು. ವಾರವಿಡೀ ಗ್ರಂಥಾಲಯದ ಬಸ್ಸನ್ನು ಒಂದು ಪುಸ್ತಕವೂ ಕಪಾಟಿನಿಂದ ಜಾರದಂತೆ ಓಡಿಸುವವನು ಅವನು. ಶನಿವಾರ ಮಾತ್ರ ರ‍್ಯಾಲಿ ಚಾಲಕ. ಹತ್ತು ವರ್ಷದಿಂದ ತಪ್ಪದೆ ಕೊನೆಯ ಸ್ಥಾನ.

ಈ ಸಲ ಹಾಗಲ್ಲ. ನಾಲ್ಕು ಚಳಿಗಾಲ ಕೂತು ರಿಪೇರಿ ಮಾಡಿದ ಕೆಂಪು ಕಾರಿಗೆ ಹಳೆಯ ಹಸುವಿನ ಹೆಸರನ್ನೇ ಇಟ್ಟಿದ್ದ. ಎಂಜಿನ್ ಈಗ ಹಾಲು ಕರೆದಷ್ಟು ಸಲೀಸಾಗಿ ಓಡುತ್ತಿತ್ತು.

ತೊಂದರೆ ಶುರುವಾದದ್ದು ಎರಡು ಪದದಿಂದ. ಊರಿನ ಖಾಯಂ ಚಾಂಪಿಯನ್ ವಿಲ್ಯೊ ಬಂದು, ಮನ್ಸಿಕ್ಕಿಯ ಎಂಜಿನ್ ಮುಚ್ಚಳ ಎತ್ತಿ, ಬಹಳ ಹೊತ್ತು ಇಣುಕಿ, "ಚೆನ್ನಾಗಿದೆ ಕಣೋ" ಎಂದು ಹೋಗಿಬಿಟ್ಟ.

ವಿಲ್ಯೊ ಸ್ವಂತ ಮದುವೆಯಲ್ಲೂ ಅಷ್ಟು ಮಾತಾಡಿದವನಲ್ಲ. ಓಸ್ಮೊ ಗಬಕ್ಕನೆ ಮುಚ್ಚಳ ಮುಚ್ಚಿದ. ಏಕೆಂದರೆ ಈ ಆಟಕ್ಕೆ ಒಂದು ನಿಯಮವಿದೆ. ದುಡ್ಡಿದ್ದವರೇ ಗೆಲ್ಲಬಾರದೆಂದು ಹಿರಿಯರು ಮಾಡಿದ್ದು. ಸ್ಪರ್ಧೆ ಮುಗಿದ ಮೇಲೆ ಯಾವ ಸದಸ್ಯನಾದರೂ ಯಾರ ಕಾರನ್ನಾದರೂ ನಿಗದಿತ ಅಗ್ಗದ ಬೆಲೆಗೆ ಕೇಳಬಹುದು. ಡಬ್ಬಿಗೆ ಚೀಟಿ ಹಾಕಿದರಾಯಿತು. ಚೀಟಿ ಹೆಚ್ಚಿದ್ದರೆ ಒಂದನ್ನು ಎತ್ತುತ್ತಾರೆ. ಕೊಡೆನೆಂದರೆ ಎರಡು ವರ್ಷ ಲೈಸೆನ್ಸ್ ರದ್ದು.

"ಸಿರ್ಕ್ಕ, ವಿಲ್ಯೊ ನನ್ನ ಮನ್ಸಿಕ್ಕಿ ಮೇಲೆ ಕಣ್ಣು ಹಾಕಿದಾನೆ!" ಎಂದು ಹೆಂಡತಿಯ ಹತ್ತಿರ ಓಡಿದ.

ಸಿರ್ಕ್ಕ ಕಾಫಿ ಅಂಗಡಿಯಲ್ಲಿ ತನ್ನ ಚಿಕ್ಕಮ್ಮ ಲೆಂಪಿಯ ಜೊತೆ ಬನ್ನು ಜೋಡಿಸುತ್ತಿದ್ದಳು. "ಮೆಲ್ಲಗೆ ಮಾತಾಡು. ಊರಿಗೆಲ್ಲ ಕೇಳಿಸ್ತು."

ಕೇಳಿಸಿಯೂ ಆಗಿತ್ತು. ಪಕ್ಕದ ಮನೆಯ ಪೆಂಟಿ ಕಾಫಿ ಲೋಟ ಹಿಡಿದೇ ಬಂದ. "ಅದಕ್ಕೇನು ಮಾರಾಯ! ಕಾರು ಕೆಟ್ಟಿದೆ ಅನ್ನಿಸಿಬಿಡು. ಖಾಲಿ ಕಾಫಿ ಡಬ್ಬಿಗೆ ಹಿಡಿ ಜಲ್ಲಿ ತುಂಬಿ ಹಿಂದಿನ ಚಕ್ರದ ಮೇಲೆ ಕಟ್ಟು. ಚಕ್ರ ಕಳಚ್ತಿದೆ ಅನ್ನೋ ಹಾಗೆ ಗಡಗಡ ಅನ್ನುತ್ತೆ. ಅಂಥ ಕಾರನ್ನ ಯಾವನು ಕೊಳ್ತಾನೆ?"

"ತಪಾಸಣೆಯೋರು ಕಂಡ್ರೆ?"

"ಅವರು ನೋಡಿ ಹೋಗಿ ಅರ್ಧ ಗಂಟೆ ಆಯ್ತು. ಹೆದರುಪುಕ್ಕಲ!"

ಎಪ್ಪತ್ತಾರರ ಲೆಂಪಿ ಚಿಕ್ಕಮ್ಮ ಖಾಲಿ ಡಬ್ಬಿಯನ್ನು ತಾವೇ ಒರೆಸಿ ಕೊಟ್ಟರು. "ಓಸ್ಮೊ, ಹೆಂಗಸರ ಸ್ಪರ್ಧೆ ಎಷ್ಟು ಗಂಟೆಗಪ್ಪಾ?"

"ಮೂರಕ್ಕೆ, ಚಿಕ್ಕಮ್ಮ." ಪಾಪ, ಮಧ್ಯಾಹ್ನದ ಕಾಫಿ ಕಾಯಿಸುವ ಲೆಕ್ಕಾಚಾರ ಇರಬೇಕೆಂದು ಓಸ್ಮೊ ಅಂದುಕೊಂಡ.

ಬಾವುಟ ಬಿತ್ತು. ಐದು ಕಾರುಗಳು ಕೆಸರು ಹಾರಿಸುತ್ತ ನುಗ್ಗಿದವು. ಮನ್ಸಿಕ್ಕಿ ಎಂದಿನಂತೆ ಕೊನೆಯಲ್ಲಿತ್ತು, ಆದರೆ ಅದರ ಸದ್ದು ಎಲ್ಲರಿಗಿಂತ ಮುಂದಿತ್ತು. ತಗಡಿನ ಮನೆಯನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂತೆ ಗಡಗಡ, ಗಡಗಡ! ಮುಂದಿನ ಚಾಲಕ ಕನ್ನಡಿ ನೋಡಿದ. ಯಾವ ಗಳಿಗೆಯಲ್ಲಾದರೂ ಒಂದು ಚಕ್ರ ಹಾರಿಬಂದು ತಲೆಗೆ ಬಡಿದೀತೆಂದು ಗಾಬರಿಯಾಗಿ ಪಕ್ಕಕ್ಕೆ ಸರಿದ. ಅವನ ಮುಂದಿನವನೂ ಸರಿದ. ಮೂರನೆಯವನು ಎಷ್ಟು ಸರಿದನೆಂದರೆ ಹಿಮದ ಗುಡ್ಡೆಯೊಳಗೇ ಹೊಕ್ಕ.

"ಅಯ್ಯೋ, ದಾರಿ ಬಿಡ್ತಿದಾರಲ್ಲ!" ಓಸ್ಮೊ ಹೆಲ್ಮೆಟ್ಟಿನೊಳಗೇ ಕಿರುಚಿದ. ಗೆದ್ದ ಕಾರಿಗೇ ಚೀಟಿ ಹೆಚ್ಚು, ನಿಧಾನ ಮಾಡಿದ್ದರೆ ಕಾರು ಉಳಿಯುತ್ತಿತ್ತು. ತಲೆಗೆ ಅದು ಗೊತ್ತಿತ್ತು, ಕಾಲು ಕೇಳಲಿಲ್ಲ. ಹತ್ತು ವರ್ಷದಿಂದ ಮುಂದಿರುವವರ ಕೆಸರು ತಿಂದ ಕಾಲು ಅದು. ಕೊನೆಯ ತಿರುವಿನಲ್ಲಿ ವಿಲ್ಯೊನೂ ಗಡಗಡ ಕೇಳಿ, ಬಹುಮಾನದ ಕಪ್ಪಿಗಿಂತ ಕತ್ತು ದೊಡ್ಡದೆಂದು ದಾರಿ ಬಿಟ್ಟ. ಓಸ್ಮೊ ಗೆದ್ದ!

ಸಿರ್ಕ್ಕ ಕುಣಿದಳು. ಪೆಂಟಿ ಟೋಪಿಯನ್ನು ಆಕಾಶಕ್ಕೆಸೆದು ಕೆಸರಿನಲ್ಲಿ ಹುಡುಕಿದ. ಓಸ್ಮೊ ಮಾತ್ರ ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಮನ್ಸಿಕ್ಕಿಯ ಬಾಗಿಲು ಹಿಡಿದು ನಿಂತಿದ್ದ.

ಕಾರ್ಯದರ್ಶಿ ಚೀಟಿ ಡಬ್ಬಿ ತೆರೆದ. "ಕೆಂಪು ಕಾರಿಗೆ ಏಳು ಚೀಟಿ!"

ಓಸ್ಮೊ ನೇರ ವಿಲ್ಯೊನ ಎದುರು ಹೋದ. "ನಿನಗೆ ಮನಸ್ಸಾದರೂ ಹೇಗೆ ಬಂತೋ?"

"ನಾನು ಹಾಕಿಲ್ಲ," ಎಂದ ವಿಲ್ಯೊ. "ಚಕ್ರ ಕಳಚ್ತಿದೆ. ಯಾರಿಗೆ ಬೇಕು?"

ಓಸ್ಮೊ ಕಣ್ಣರಳಿಸಿದ. "ಹಾಗಾದ್ರೆ ಏಳು ಚೀಟಿ ಯಾರದ್ದು?"

ಪೆಂಟಿ ಕೆಮ್ಮಿದ. "ಒಂದು ನಂದು. ವಿಲ್ಯೊಗೆ ಸಿಗದಿರಲಿ, ನನಗೆ ಬಂದ್ರೆ ನಿನಗೇ ವಾಪಸ್ ಕೊಡೋಣ ಅಂತ."

"ನಂದೂ ಒಂದು," ಎಂದಳು ಸಿರ್ಕ್ಕ.

"ನಮ್ಮನೇದು ಇನ್ನೂ ನಾಲ್ಕು," ಎಂದಳು ಪೆಂಟಿಯ ಹೆಂಡತಿ. "ನಾನು, ಅತ್ತೆ, ಮಾವ, ನನ್ನ ತಮ್ಮ ಎಲ್ಲ ಸದಸ್ಯರೇ ತಾನೆ?"

ಓಸ್ಮೊನ ಕಣ್ಣು ತುಂಬಿತು. ತಾನು ಕೂಗಾಡದೆ ಇದ್ದಿದ್ದರೆ ಇವರ ಒಂದು ಚೀಟಿಯೂ ಬೀಳುತ್ತಿರಲಿಲ್ಲ. ಆದರೇನು, ಎಲ್ಲರೂ ತನ್ನವರೇ! ಯಾರ ಹೆಸರು ಬಂದರೂ ಮನ್ಸಿಕ್ಕಿ ಮನೆಗೆ ಬಂದಂತೆಯೇ.

ಕಾರ್ಯದರ್ಶಿ ಚೀಟಿ ಎತ್ತಿದ. "ಲೆಂಪಿ!"

"ಅಬ್ಬಾ, ನಮ್ಮ ಚಿಕ್ಕಮ್ಮ!" ಓಸ್ಮೊ ನಗುತ್ತ ತಿರುಗಿದ.

ಲೆಂಪಿ ಚಿಕ್ಕಮ್ಮ ಏಪ್ರನ್ ಬಿಚ್ಚಿ, ಮಡಿಸಿ, ಸಿರ್ಕ್ಕಳ ಕೈಗೆ ಕೊಟ್ಟರು. ಮೇಜಿನ ಕೆಳಗಿಂದ ಬಿಳಿಯ ಹೆಲ್ಮೆಟ್ಟನ್ನೂ ತಮ್ಮ ಬುಟ್ಟಿಯನ್ನೂ ತೆಗೆದರು. "ಇಪ್ಪತ್ತೊಂದು ವರ್ಷದಿಂದ ಪ್ರತಿ ವಸಂತದಲ್ಲೂ ಹೆಂಗಸರ ಸ್ಪರ್ಧೆಗೆ ಹೆಸರು ಕೊಡ್ತೀನಪ್ಪಾ. ಪ್ರತಿ ಸಲವೂ ಚೀಟಿ ಹಾಕ್ತೀನಿ. ಕಾರು ಸಿಕ್ಕಿದ್ದು ಇವತ್ತೇ."

"ಚಿಕ್ಕಮ್ಮ... ಸ್ಪರ್ಧೆ ಆದ್ಮೇಲೆ ವಾಪಸ್ ಕೊಡ್ತೀರಲ್ಲ?"

"ಈಗ ತಾನೆ ಋತು ಶುರುವಾಗಿದೆ, ಮಗಾ."

ಅವರು ಕಿಟಕಿಯೊಳಗೆ ಕಾಲು ಹಾಕಿ ಒಳಗೆ ಇಳಿದ ರೀತಿ ನೋಡಿ ವಿಲ್ಯೊ ಟೋಪಿ ತೆಗೆದ. ಓಸ್ಮೊ ಬೆಲ್ಟು ಬಿಗಿದುಕೊಟ್ಟು, ಹಿಂಚಕ್ರದ ಕಡೆ ಬಗ್ಗಿದ. "ಆ ಡಬ್ಬಿ ಬಿಚ್ಚಿಬಿಡ್ತೀನಿ ಇರಿ."

"ಮುಟ್ಟಬೇಡ! ಗೆಲ್ಲಿಸೋದೇ ಅದು."

ಎಂಜಿನ್ ಗುಡುಗಿತು. ಚಿಕ್ಕಮ್ಮ ಏನೋ ನೆನಪಾದವರಂತೆ ಪಕ್ಕದಲ್ಲಿಟ್ಟುಕೊಂಡಿದ್ದ ಬುಟ್ಟಿಗೆ ಕೈಹಾಕಿ, ತಮಗೆಂದು ಕಟ್ಟಿಕೊಂಡಿದ್ದ ಬಟಾಣಿ ಸಾರಿನ ಫ್ಲಾಸ್ಕನ್ನೂ ಬಟ್ಟೆಯಲ್ಲಿ ಸುತ್ತಿದ ಏಲಕ್ಕಿ ಬನ್ನನ್ನೂ ತೆಗೆದರು. ಏನೂ ಹೇಳದೆ, ಕಿಟಕಿಯಿಂದ ಓಸ್ಮೊನ ಎಣ್ಣೆಗೈಗೆ ಇಟ್ಟರು.