ಬದುಕಿದ್ದವರಿಗೆ ಕಟ್ಟು ಹಾಕುವುದಿಲ್ಲ

ಗಾಜು ಹಾಕಿ ಗೋಡೆಗೆ ತೂಗುಹಾಕಿದ ಯಾವುದನ್ನೇ ಆಗಲಿ ನಮ್ಮ ಕಡೆಯ ಮಂದಿ ಓದುವುದಿಲ್ಲ, ಕೈ ಮುಗಿಯುತ್ತಾರೆ. ಇದು ನನ್ನ ಹಳೆಯ ಸಿಟ್ಟು. ಆಳಂದಕ್ಕೆ ಹೋಗಲಿ, ಅಫಜಲಪುರಕ್ಕೆ ಹೋಗಲಿ, ಜೇವರ್ಗಿಯ ನನ್ನ ಮನೆಯಲ್ಲೇ ಕೂತಿರಲಿ, ಈ ಸಿಟ್ಟಿಗೆ ಗಾಳಿ ಹಾಕುವವರು ಸಿಗುತ್ತಲೇ ಇರುತ್ತಾರೆ.

ನಾನು ಶಾಲೆ ಬಿಟ್ಟ ಮೇಲೆ ಗೋಡೆಯ ಪೋಸ್ಟರ್ ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡವನು. ಈಗ ಕೂಲಿ ಹೆಣ್ಣುಮಕ್ಕಳ ಜೊತೆ ಕಚೇರಿಗಳ ಮುಂದೆ ಕೂತು ಗಂಟಲು ಹರಿದುಕೊಳ್ಳುವುದು ನನ್ನ ಕೆಲಸ. ಇಜೇರಿ ಕಡೆಯ ಒಂದು ಊರಿನಲ್ಲಿ ಹೀಗೆ ಗಂಟಲು ಹರಿದುಕೊಂಡೇ ಅವರ ಸಂಘಕ್ಕೆ ಪಂಚಾಯಿತಿಯ ಹಳೆಯ ಖೋಲಿಯೊಂದನ್ನು ಕೊಡಿಸಿದ್ದೆವು. ಬಿಸಿಲಿನಿಂದ ಬಂದು ಕಾಲು ಚಾಚಲು, ಕೂಲಿಯ ಮಾತು ಆಡಲು, ಗಂಡಂದಿರ ಕಿವಿಗೆ ಬೀಳದ ಹಾಗೆ ನಗಲು ಅವರಿಗೆ ಆ ಊರಲ್ಲಿ ಇದ್ದದ್ದು ಅದೊಂದೇ ಜಾಗ.

ಆ ಖೋಲಿಯ ಮೇಲೆ ಊರಿನ ಪಂಚಾಯಿತಿ ಮೆಂಬರನ ಕಣ್ಣು ಬಿತ್ತು. ಅವನದು ಗೊಬ್ಬರದ ವ್ಯಾಪಾರ. "ಖಾಲಿ ಖೋಲಿ ಅದ. ನಾಕು ಗೋಡಿ ಬಿಟ್ರ ಅದರಾಗೇನದ? ನನ್ನ ಚೀಲಾರ ಇಡ್ತೇನಿ" ಎಂದು ಕಟ್ಟೆಗಳ ಮೇಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕುರ್ಚಿ, ಕಪಾಟು ಕೊಳ್ಳುವ ತಾಕತ್ತು ಸಂಘಕ್ಕೆ ಇರಲಿಲ್ಲ. ಗೋಡೆಯನ್ನಾದರೂ ತುಂಬಿಸೋಣ, ಇಲ್ಲಿ ಮಂದಿ ಇದ್ದಾರೆ ಎಂದು ನೋಡಿದವರಿಗೆ ಗೊತ್ತಾಗಲಿ ಎಂದು ನಮ್ಮ ಹೋರಾಟದ ಪೋಸ್ಟರುಗಳಿಗೆ ಫೋಟೋದ ಹಾಗೆ ಕಟ್ಟು ಹಾಕಿಸಲು ಹೊರಟೆ. ಮುಂದಿನದೆಲ್ಲ ಆ ಕಟ್ಟುಗಳ ಕಥೆ.

ಆಳಂದದ ಅಂಗಡಿ

ಮಟಕಿ ಎಂಬ ಊರಲ್ಲಿ ಸಭೆ ಇತ್ತು. ಬರುವಾಗ ಆಳಂದದಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ ಹೊಕ್ಕೆ. ಕೈಯಲ್ಲಿದ್ದ ಪೋಸ್ಟರ್ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಸಾಲಾಗಿ ನಿಂತು ತೊಗರಿ ಕೊಯ್ಯುವ ಹೆಣ್ಣುಮಕ್ಕಳ ಚಿತ್ರ ಅದು. ಅಂಗಡಿಯವನು ಕನ್ನಡಕ ಏರಿಸಿ ಒಬ್ಬೊಬ್ಬಳ ಮುಖವನ್ನೂ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಇದರಾಗ ತೀರ್ಕೊಂಡವರು ಯಾರ್ರಿ?"

"ಯಾರೂ ತೀರ್ಕೊಂಡಿಲ್ಲ. ಎಲ್ಲಾರೂ ಚಂದಾಗಿ ಅದಾರ."

"ಮತ್ತ ಕಟ್ಟು ಯಾಕ್ರಿ?"

ಗೋಡೆ ತೋರಿಸಿದ. ಒಂದು ಕಡೆ ದೇವರುಗಳು, ಬಂಗಾರ ಬಣ್ಣದ ಪಟ್ಟಿ. ಇನ್ನೊಂದು ಕಡೆ ತೀರಿಕೊಂಡವರು, ಕರಿ ಪಟ್ಟಿ, ತಲೆಯ ಮೇಲೊಂದು ಸಣ್ಣ ಕೆಂಪು ಬಲ್ಬು. "ಇವೆರಡ ಅದಾವ ನೋಡ್ರಿ. ಯಾವುದು ಹಾಕ್ಲಿ?"

"ಎರಡೂ ಬ್ಯಾಡ. ದುಡಿಯೋ ಮಂದಿ ಇವರು. ಬದುಕ್ಯಾರ. ಅವರಿಗೆ ಒಪ್ಪೋದು ಹಾಕು."

ಅವನು ಬಹಳ ಹೊತ್ತು ಯೋಚಿಸಿದ. ಒಳಗೆ ಹೋಗಿ ಹುಡುಕಿಯೂ ಬಂದ. ನಿಜವಾಗಿಯೂ ನೊಂದುಕೊಂಡು ಹೇಳಿದ:

"ಬದುಕಿದ್ದವರ ಸೈಜು ನಮ್ಮಲ್ಲಿ ಬರಂಗಿಲ್ರಿ."

ಮೆಂಬರನ ಮನೆಯವರು ಒಪ್ಪಿಕೊಂಡದ್ದು

ಅಂಗಡಿಯವನ ರೇಟೂ ನಮಗೆ ಎಟುಕುವಂತಿರಲಿಲ್ಲ. ಮನೆಯಲ್ಲೇ ಕಟ್ಟು ಮಾಡುವುದು ಎಂದು ತೀರ್ಮಾನಿಸಿದೆ. ಜೇವರ್ಗಿಯಲ್ಲಿ ಹುಟ್ಟಿದವನಿಗೆ ಕಟ್ಟಿಗೆಗೆ ಏನು ಬರ? ತೊಗರಿ ಬಡಿದಾದ ಮೇಲೆ ಉಳಿಯುವ ಕಟ್ಟಿಗೆಯಲ್ಲಿ ನೆಟ್ಟಗಿರುವುದನ್ನು ಆರಿಸಿದೆ. ಸಿಪ್ಪೆ ಕೆರೆದು, ನಾಲ್ಕು ಮೂಲೆಗೂ ಸುತಳಿ ಬಿಗಿದೆ. ಹಿಂದೆ ಒತ್ತಾಗಿ ಇಡಲು ಹೆಂಡತಿಯ ಸೀರೆ ಡಬ್ಬಿಗಳ ರಟ್ಟು.

"ಸೀರಿ ತರೋದು ಬಿಟ್ಟು ಯಾವ ಕಾಲ ಆತು, ಈಗ ಡಬ್ಬಿನೂ ಒಯ್ತೀರೇನ್ರಿ?" ಎಂದಳು.

"ಹೋರಾಟಕ್ಕ ಬೇ."

"ಹೋರಾಟದವರಿಗೆ ರಟ್ಟು ಬೇಕಾಗ್ತದ, ಸೀರಿ ಉಡೋ ಹೆಂಡ್ತಿ ಬ್ಯಾಡಾಗ್ತಾಳ."

ನಾನು ಅಂಟು ಕುದಿಸಿದೆ. ಪೋಸ್ಟರ್ ಹಚ್ಚುವವರಿಗೆ ಮೈದಾ ಅಂಟಿನ ಹದ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗೋಡೆಗೆ ಹಚ್ಚಿ ಓಡುವುದು ಬೇರೆ, ರಟ್ಟಿಗೆ ಹಚ್ಚುವುದು ಬೇರೆ. ಗೋಡೆಗೆ ಹಚ್ಚುವಷ್ಟೇ ಧಾರಾಳವಾಗಿ ಬಳಿದೆ. ಕಾಗದ ನೆನೆದು ಹಪ್ಪಳದ ಹಾಗೆ ಉಬ್ಬಿತು. ಒಣಗಿದರೆ ಸರಿಯಾಗುತ್ತದೆ ಎಂದು ಎಲ್ಲವನ್ನೂ ಟಂಟಂ ಆಟೋದಲ್ಲಿ ಹಾಕಿ ಸಂಘದ ಊರಿಗೆ ಒಯ್ದು, ಖೋಲಿಯೊಳಗೆ ಗೋಡೆಗೆ ಆನಿಸಿಟ್ಟೆವು. ಗಾಳಿಯಾಡಲಿ ಎಂದು ಬಾಗಿಲು ತೆರೆದೇ ಇಟ್ಟೆವು. ಹೆಣ್ಣುಮಕ್ಕಳೆಲ್ಲ ಹೊಲಕ್ಕೆ ಹೋದರು, ನಾನು ಚಹಾಕ್ಕೆ ಹೋದೆ.

ಚಹಾ ಮುಗಿಸಿ ಬರುವಷ್ಟರಲ್ಲಿ ಮೆಂಬರನ ಆಡು ಒಳಗಿತ್ತು. ಮೈದಾ ಅಂಟಿನ ರುಚಿ ಹತ್ತಿದ ಆಡಿಗೆ ಪೋಸ್ಟರ್ ಆದರೇನು, ತೊಪ್ಪಲಾದರೇನು? ತೊಗರಿ ಕೊಯ್ಯುವ ಹೆಣ್ಣುಮಕ್ಕಳನ್ನು ಮುಗಿಸಿ ನಮ್ಮ ಬೇಡಿಕೆಗಳ ಪೋಸ್ಟರಿಗೆ ಬಂದಿತ್ತು. ನಾನು ನೋಡುತ್ತಿದ್ದಂತೆಯೇ ಕೂಲಿ ಹೆಚ್ಚಳ ಒಳಗೆ ಹೋಯಿತು. ಅದರ ಬೆನ್ನಿಗೇ ಕುಡಿಯುವ ನೀರು. ಗೋಡೆಯ ಬುಡಕ್ಕೆ ತೊಗರಿ ಕಟ್ಟಿಗೆಯ ಖಾಲಿ ಚೌಕಗಳು ಮಾತ್ರ ನಿಂತಿದ್ದವು.

ಇಷ್ಟು ಕಾಲದ ಹೋರಾಟದಲ್ಲಿ ನಮ್ಮ ಬೇಡಿಕೆಗಳನ್ನು ಮೆಂಬರನ ಮನೆಯವರು ಒಂದನ್ನೂ ಬಿಡದೆ ಸ್ವೀಕರಿಸಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಹಿರಿಯರು

ಆಡು ಪಾಠ ಕಲಿಸಿತು: ಗಾಜು ಬೇಕು. ಹೊಸ ಗಾಜಿಗೆ ರೊಕ್ಕ ಎಲ್ಲಿಂದ ಬರಬೇಕು? ಅಫಜಲಪುರದ ಗುಜರಿ ಅಂಗಡಿಯಲ್ಲಿ ಗಾಜಿನ ಸಮೇತ ಒಂದು ಹಳೆಯ ಕಟ್ಟು ಬಿದ್ದಿದೆ ಎಂದು ಅಲ್ಲಿನ ಗೆಳೆಯರು ಹೇಳಿದರು. ಹೋಗಿ ನೋಡಿದರೆ ಕಟ್ಟು ಗಟ್ಟಿಯಾಗಿತ್ತು, ಗಾಜೂ ಒಡೆದಿರಲಿಲ್ಲ. ಒಳಗೆ ದೊಡ್ಡ ರುಮಾಲಿನ, ಪೊದೆ ಮೀಸೆಯ ಒಬ್ಬ ಮುದುಕರ ಫೋಟೋ. ಯಾರ ಮನೆಯವರೋ, ಯಾವ ಮನೆ ಕೆಡವುವಾಗ ಹೊರಗೆ ಬಿದ್ದರೋ. ಮನೆಗೆ ಹೋಗಿ ತೆಗೆದರಾಯಿತು ಎಂದು ಹಾಗೇ ಎತ್ತಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಮುದುಕರನ್ನು ಎದೆಗೆ ಅವುಚಿಕೊಂಡು ಕಂಬಕ್ಕೆ ಒರಗಿ ನಿಂತೆ. ಬಸ್ಸಿನಲ್ಲಿ ಗುಜುಗುಜು ನಿಂತಿತು. ಎದುರಿನ ಸೀಟಿನವನು ಎದ್ದು ನಿಂತ. "ಕೂಡ್ರಿ ಅಣ್ಣಾರ" ಎಂದ. ಎಷ್ಟೋ ವರ್ಷ ಈ ದಾರಿಗೆ ಇನ್ನೊಂದು ಬಸ್ಸು ಬಿಡಿ ಎಂದು ಕೂಗಿದವನು ನಾನು. ಆಗ ಸಿಗದ ಸೀಟು ಈಗ ಸಿಕ್ಕಿತು.

ಪಕ್ಕದಲ್ಲಿ ಕೂತಿದ್ದ ಮುದುಕಿ ಫೋಟೋ ಸವರಿ, "ಯಾವಾಗ ಆತಪಾ?" ಎಂದಳು.

"ಇವರು ನಮ್ಮವರಲ್ಲಬೇ ಯವ್ವಾ."

"ಹಂಗ ಅನಬಾರದಪಾ. ಏನರ ಜಗಳ ಇದ್ರೂ ಹೋದವರ ಮ್ಯಾಲ ಸಿಟ್ಟು ಇಟ್ಕೋಬಾರದು."

"ಜಗಳ ಇಲ್ಲ. ಇವರು ಯಾರಂತನ ನನಗ ಗೊತ್ತಿಲ್ಲ!"

ಮುದುಕಿ ಹಿಂದಿನ ಸೀಟಿನವರ ಕಡೆ ತಿರುಗಿ, "ಪಾಪ, ದುಃಖ ಬುದ್ಧಿಗೆ ಹತ್ತೇದ" ಎಂದಳು. ನನಗೆ ರೇಗಿತು. ಎದ್ದು ನಿಂತು ದೊಡ್ಡ ದನಿಯಲ್ಲಿ, "ಇದನ್ನ ಗುಜರಿ ಅಂಗಡ್ಯಾಗ ಕೊಂಡೇನಿ! ಗಾಜಿನ ಸಲುವಾಗಿ ಕೊಂಡೇನಿ!" ಎಂದು ಒದರಿದೆ. ಮುದುಕಿ ನನ್ನ ಕೈ ಹಿಡಿದು ಎಳೆದು ಕೂಡಿಸಿದಳು.

"ಒದರು ತಮ್ಮಾ. ಒಳಗ ಇಟ್ಕೋಬ್ಯಾಡ. ಒದರಿದ್ರ ಹಗುರಾಗ್ತದ."

ಮನೆಗೆ ಬಂದು ಫೋಟೋ ತೆಗೆಯಲು ಹೊರಟರೆ ಹೆಂಡತಿ ಬಿಡಲಿಲ್ಲ. "ಯಾರದೋ ಮನಿ ಹಿರಿಯರು. ಕಸದಾಗ ಒಗೀತೀರೇನ್ರಿ? ಅವರ ಪಾಡಿಗೆ ಅವರು ಹಿಂದ ಕುಂತಿರ್ಲಿ" ಎಂದಳು. ಹೀಗಾಗಿ ಹಿರಿಯರು ಕಟ್ಟಿನೊಳಗೇ ಉಳಿದರು. ಮುಂದೆ ಯಾವ ಪೋಸ್ಟರ್ ಬಂದರೂ ಅದು ಅವರ ಮುಖದ ಮೇಲೆ ಬರಬೇಕಿತ್ತು. ಅಮಾವಾಸ್ಯೆಯ ದಿನ ನೋಡುತ್ತೇನೆ, ಕಟ್ಟಿನ ಮುಂದೆ ಒಂದು ಹೋಳಿಗೆ.

ಮುಖವಿಲ್ಲದ ದೇವರು

ಇನ್ನು ಕಟ್ಟಿನೊಳಗೆ ಏನು ಹಾಕುವುದು? ನಮ್ಮ ಪೋಸ್ಟರುಗಳೆಲ್ಲ ಆಡಿನ ಹೊಟ್ಟೆಯಲ್ಲಿದ್ದವು. ಆ ಅಳತೆಗೆ ಸರಿಹೋದದ್ದು ಒಂದೇ, ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಉಳಿದಿದ್ದ ಕೈ ತೊಳೆಯುವ ವಿಧಾನದ ಪೋಸ್ಟರ್. ಮನುಷ್ಯರ ಮುಖವೇ ಇಲ್ಲ, ಬರೀ ಕೈಗಳು. ಅಂಗೈಗೆ ಅಂಗೈ ತಿಕ್ಕುವುದು, ಬೆರಳಲ್ಲಿ ಬೆರಳು ಹೆಣೆಯುವುದು, ಹೆಬ್ಬೆರಳು ತಿರುವುವುದು. ಖಾಲಿ ಗೋಡೆಗಿಂತ ಇದು ಮೇಲು ಎಂದು ಹಾಕಿದೆ. ಸಂಘದ ಹಿರಿಯಳು, ಊರೆಲ್ಲ ಆಯಿ ಎಂದು ಕರೆಯುವ ಮುದುಕಿ, ಅದನ್ನು ಬಾಗಿಲಿನ ಎದುರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿಸಿದಳು.

ಮುಂದಿನ ವಾರ ಹೋದೆ. ನೋಡಿದವನಿಗೆ ಮೈಯೆಲ್ಲ ಉರಿ. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಕಟ್ಟಿನ ಸುತ್ತ ಚೆಂಡುಹೂವಿನ ಹಾರ. ಕೆಳಗೆ ದೀಪ, ಊದಿನಕಡ್ಡಿ. ವಿಭೂತಿಗೆ ಅಕ್ಷರಗಳೆಲ್ಲ ಮುಚ್ಚಿ, ಅಂಗೈಗೆ ಅಂಗೈ ಸೇರಿಸಿದ ಆ ಚಿತ್ರವೇ ಎಲ್ಲಕ್ಕಿಂತ ಎದ್ದು ಕಾಣುತ್ತಿತ್ತು.

"ನಾಚಿಕಿ ಬರ್ಬೇಕು ನಿಮಗ!" ಎಂದು ಶುರು ಮಾಡಿದೆ. "ಓದ್ರಿ ಅಂತ ಹಾಕಿದ್ರ ಪೂಜಿ ಮಾಡಾಕತ್ತೀರಿ. ಕೈ ಮುಗಿದು ಮುಗಿದ ನಾವು ಹಿಂಗ ಆಗೇವಿ. ನಾಳಿ ಕೂಲಿ ಚೀಟಿಗೂ ಕುಂಕುಮ ಹಚ್ಚತೀರಿ!"

ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ನಗು ತಡೆದುಕೊಂಡಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಆಯಿ ಹೂ ಕಟ್ಟುವುದನ್ನು ನಿಲ್ಲಿಸದೆ, "ಆತೇನಪಾ ಭಾಷಣ? ಕೂಡು ಸ್ವಲ್ಪ. ಟ್ರ್ಯಾಕ್ಟರ್ ಸಪ್ಪಳ ಕೇಳಾಕತ್ತದ" ಎಂದಳು.

ಮೆಂಬರ ಗೊಬ್ಬರದ ಚೀಲ ಹೇರಿಕೊಂಡು ಬಂದೇಬಿಟ್ಟಿದ್ದ. ಇಬ್ಬರು ಹಮಾಲರು ಬೆನ್ನಿಗೆ ಚೀಲ ಹಾಕಿಕೊಂಡು ಹೊಸ್ತಿಲ ತನಕ ಬಂದರು. ಎದುರಿಗೆ ದೀಪ, ಹಾರ, ಮುಗಿದ ಕೈ. ಇಬ್ಬರೂ ಅಲ್ಲೇ ಚೀಲ ಇಳಿಸಿದರು, ಚಪ್ಪಲಿ ಬಿಟ್ಟರು, ಗಲ್ಲ ಗಲ್ಲ ಬಡಿದುಕೊಂಡರು.

"ನಡೀರಲೇ ಒಳಗ!" ಮೆಂಬರ ಹಿಂದಿನಿಂದ ಒದರಿದ.

"ಒಲ್ಲೆವ್ರಿ ಸಾವ್ಕಾರ್ರ. ದೇವರ ಮುಂದ ಗೊಬ್ಬರ ಇಟ್ಟು ನಾವು ಎಲ್ಲಿ ಹೋಗೋಣ್ರಿ? ನಮಗ ಮಕ್ಕಳು ಮರಿ ಅದಾವ್ರಿ."

ಮೆಂಬರ ತಾನೇ ಮುಂದೆ ಬಂದು ಇಣುಕಿದ. "ಯಾವ ದೇವರು ಆಯಿ ಇದು? ಕೈ ಅದಾವ, ಮುಖ ಕಾಣವಲ್ದು."

"ದುಡಿಯೋರ ಮುಖ ಯಾರು ನೋಡ್ಯಾರಪಾ?" ಎಂದಳು ಆಯಿ. "ಇಷ್ಟು ವರ್ಷ ನಿನ್ನ ಹೊಲದಾಗ ದುಡಿದೇವಿ, ನಮ್ಮ ಮುಖ ನೋಡೀಯೇನು? ಕೈ ಅಷ್ಟ ನೋಡೀದಿ. ನಮ್ಮ ದೇವರೂ ಹಂಗ."

ನಾನು ಹತ್ತು ಪೋಸ್ಟರಿನಲ್ಲಿ ಹೇಳಲಾಗದ್ದನ್ನು ಅವಳು ಹೂ ಕಟ್ಟುತ್ತ ಹೇಳಿದ್ದಳು. ಆದರೆ ಮೆಂಬರನಿಗೆ ಅನುಮಾನ ಹೋಗಿರಲಿಲ್ಲ. ಒಳಗೆ ಕೂತಿದ್ದ ನನ್ನನ್ನು ನೋಡಿ ಅವನ ಮುಖ ಅರಳಿತು.

"ನೀವು ಸುಳ್ಳು ಹೇಳೋ ಪೈಕಿ ಅಲ್ಲ. ನೀವ ಹೇಳ್ರಿ. ಖರೇನ ದೇವರೇನಿದು?"

ಹೆಣ್ಣುಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಯಾರ ಮುಖದಲ್ಲೂ ಈಗ ನಗು ಇರಲಿಲ್ಲ. ನಾನು ಹೂಂ ಎಂದರೆ ಖೋಲಿ ಉಳಿಯುತ್ತದೆ. ಆದರೆ ಊರೂರು ತಿರುಗಿ ನಾನು ಆಡಿದ ಮಾತೆಲ್ಲ ಆ ಒಂದು ಹೂಂ ಜೊತೆ ಹೋಗುತ್ತದೆ. ಕಡೆಗೆ ಬಾಯಿಂದ ಬಂದದ್ದು ನಿಜವೇ.

"ದೇವರಲ್ಲ, ಮಣ್ಣೂ ಅಲ್ಲ. ಮುಂದ ಇರೋದು ಕೈ ತೊಳೆಯೋ ಪೋಸ್ಟರ್. ಹಿಂದ ಇರೋರು ಅಫಜಲಪುರದ ಗುಜರಿ ಅಂಗಡಿ ಮುದುಕರು."

ಖೋಲಿ ಹೋಯಿತು ಎಂದುಕೊಂಡೆ. ಮೆಂಬರ ನನ್ನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಮೆಲ್ಲಗೆ ಬಗ್ಗಿ ಚಪ್ಪಲಿ ಬಿಟ್ಟ.

"ಈ ಮನುಷ್ಯಾ ನಮ್ಮ ಮನಿ ದೇವರಿಗೂ ಹಿಂಗ ಅಂದಿದ್ದ, ಗುಡ್ಡದ ದೇವರಿಗೂ ಹಿಂಗ ಅಂದಿದ್ದ" ಎಂದು ಹಮಾಲರಿಗೆ ಹೇಳಿದ. "ಇವ ಇಲ್ಲ ಅಂದ ಅಂದ್ರ ಇದು ಖರೇ ದೇವರ ನೋಡ್ರಲೇ. ಚೀಲ ತಿರುಗಿ ಹೇರ್ರಿ."

ಹೊಸ್ತಿಲು ದಾಟಿ ಕೈ ಮುಗಿಯಲು ಹೋದವನನ್ನು ಆಯಿ ತಡೆದಳು. "ಹಂಗ ಬರಬ್ಯಾಡ. ಈ ದೇವರಿಗೆ ಬ್ಯಾರೆ ಹರಕಿ ಇಲ್ಲ. ಕೈ ತೊಳಕೊಂಡು ಬರ್ಬೇಕು, ಅದೂ ಚಿತ್ರದಾಗ ಇದ್ದಂಗ."

ಬಾಗಿಲ ಹೊರಗೆ ಬಕೆಟ್ಟು, ಸಾಬೂನು ಮೊದಲೇ ಇದ್ದವು. ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಊರಿನ ಮೆಂಬರ ಅಂಗಿ ತೋಳು ಏರಿಸಿ, ಗಾಜಿನೊಳಗಿನ ಚಿತ್ರ ನೋಡುತ್ತ ಅಂಗೈಗೆ ಅಂಗೈ ತಿಕ್ಕಿದ, ಬೆರಳಲ್ಲಿ ಬೆರಳು ಹೆಣೆದ. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಹೇಳಿದರೂ ಆ ಊರಲ್ಲಿ ಯಾರೂ ಮಾಡದ ಕೆಲಸ ಅದು. ಹಮಾಲರು ಅವನ ಹಿಂದೆ ಸಾಲು ಹಚ್ಚಿದ್ದರು.

ಆಯಿ ಹೊಸ್ತಿಲ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು.

"ಹೆಬ್ಬೆರಳು ಬಿಟ್ಟಿ ನೋಡು ತಮ್ಮಾ. ತಿಕ್ಕು, ತಿಕ್ಕು. ದೇವರು ನೋಡಾಕತ್ತದ."