ದೂಮಪ್ಪನ ಮೂರು ನಿಮಿಷ

ದೂಮಪ್ಪನ ಎಲ್ಲ ತಾಪತ್ರಯಕ್ಕೂ ಮೂಲ ಒಂದು ಟಿ.ಸಿ. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗ ಕೊಟ್ಟದ್ದು. ಉಳಿದ ಮಕ್ಕಳಿಗೆಲ್ಲ ‘ನಡತೆ’ ಎಂಬಲ್ಲಿ ‘ಉತ್ತಮ’ ಎಂದು ಬರೆದ ರಘುಪತಿ ಮಾಸ್ಟ್ರು ಇವನಿಗೆ ಮಾತ್ರ ಕೆಂಪು ಶಾಯಿಯಲ್ಲಿ ‘ತರಗತಿಗೆ ಅಡಚಣೆ’ ಎಂದು ಬರೆದಿದ್ದರು. ಕಾರಣ ಇಲ್ಲದೆ ಅಲ್ಲ. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಗಣಿತದ ಪಾಠ ನಡೆಯುತ್ತಿದ್ದಾಗ, ದೂಮಪ್ಪ ಕೊನೆಯ ಬೆಂಚಿನಲ್ಲಿ ಕೂತು ಬಾಯಲ್ಲೇ ಲಾಂಗ್ ಬೆಲ್ ಹೊಡೆದಿದ್ದ. ಇಡೀ ಶಾಲೆ ಚೀಲ ಹೆಗಲಿಗೇರಿಸಿ ಮನೆಗೆ ಹೋಯಿತು. ಹೋದವರಲ್ಲಿ ಮೂವರು ಮಾಸ್ಟ್ರುಗಳೂ ಇದ್ದರು.

ಅದಾಗಿ ಇಪ್ಪತ್ತೈದು ವರ್ಷ. ದೂಮಪ್ಪ ಈಗ ಕಾಪುವಿನಿಂದ ದಿನಾ ಮಲ್ಪೆಗೆ ಹೋಗಿ ಬೋಟಿನ ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿ. ಮಾತು ಕಡಿಮೆ. ಬೋಟಿನವರು ಬಂದು “ಎಂಜಿನ್ ಸರಿ ಇಲ್ಲ ಮಾರಾಯ” ಎಂದರೆ, “ಹೇಗೆ ಕೂಗ್ತದೆ? ಹೀಗಾ? ಅಲ್ಲ ಹೀಗಾ?” ಎಂದು ಮೂರು ನಾಲ್ಕು ಬಗೆಯ ಕಾಯಿಲೆಗಳನ್ನು ಬಾಯಲ್ಲೇ ಕೂಗಿ ತೋರಿಸುತ್ತಿದ್ದ. “ಹಾಂ, ಅದೇ, ಎರಡನೆಯದ್ದು!” ಎಂದ ಮೇಲೆಯೇ ಸ್ಪ್ಯಾನರಿಗೆ ಕೈ ಹಾಕುವುದು. ವೈದ್ಯರು ರೋಗಿಯ ಹಾಗೆ ಕೆಮ್ಮಿ ರೋಗದ ಮೂಲ ಹಿಡಿದದ್ದನ್ನು ಯಾರಾದರೂ ಕಂಡದ್ದುಂಟೇ? ದೂಮಪ್ಪ ದಿನಾ ಹಿಡಿಯುತ್ತಿದ್ದ. ಇದೊಂದು ವಿದ್ಯೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ, ಅಷ್ಟೆ.

ಹೀಗಿರುವಾಗ ಒಂದು ದಿನ ಅವನ ಮಗಳು ಪೆಟ್ಟಿಗೆ ಜಾಲಾಡಿ ಆ ಟಿ.ಸಿ. ಹೊರತೆಗೆದು, “ಅಪ್ಪಾ, ಅಡಚಣೆ ಅಂದ್ರೆ ಎಂತ?” ಎಂದು ಕೇಳಿದಳು. ದೂಮಪ್ಪ ಅದನ್ನು ಅವಳ ಕೈಯಿಂದ ತೆಗೆದು ಕಿಸೆಗೆ ಹಾಕಿಕೊಂಡ. ಅದೇ ವಾರ ಟಿ.ವಿ.ಯಲ್ಲಿ ಒಂದು ಪ್ರಕಟಣೆ ಬಂತು. ಹೊಸ ಪ್ರತಿಭೆಗಳನ್ನು ಹುಡುಕುತ್ತಾರಂತೆ, ಉಡುಪಿ ಕಾರ್ಕಳ ಕಡೆಯವರು ಬರುವ ಆದಿತ್ಯವಾರ ಮಣಿಪಾಲಕ್ಕೆ ಬರಬೇಕಂತೆ, ಒಬ್ಬೊಬ್ಬರಿಗೆ ಮೂರು ನಿಮಿಷವಂತೆ. ಹೆಂಡತಿ ಪುಷ್ಪಾವತಿ ಪಟ್ಟು ಹಿಡಿದಳು. “ನೀವು ಹೋಗಲೇಬೇಕು. ಮಗಳಿಗೆ ಉತ್ತರ ಸಿಗ್ತದೆ.”

ಓಣಿಗೆಲ್ಲ ಇದ್ದದ್ದು ಒಂದೇ ಟಿ.ವಿ., ಅದೂ ನಿವೃತ್ತರಾದ ರಘುಪತಿ ಮಾಸ್ಟ್ರ ಮನೆಯಲ್ಲಿ. ಅರ್ಜಿ ಬರೆಯುವ ಚಂದದ ಅಕ್ಷರವೂ ಅವರದೇ. ದೂಮಪ್ಪ ಅಲ್ಲಿಗೇ ಹೋದ.

“ಕಲೆಯ ವಿಧ?” ಮಾಸ್ಟ್ರು ಕೇಳಿದರು.

“ಎಂಜಿನ್, ಸರ್.”

“ಗುರುವಿನ ಹೆಸರು?”

“ಅದೂ ಎಂಜಿನ್ನೇ, ಸರ್.”

ಮಾಸ್ಟ್ರು ಕನ್ನಡಕ ತೆಗೆದು ಅವನನ್ನು ನೋಡಿದರು. “ಕಲೆ ಅಂದರೆ ಗುರುಮುಖದಿಂದ ಕಲಿತದ್ದು ಮಾರಾಯ. ನಿನ್ನದು ಬರೀ ಸದ್ದು.” ಗುರುವಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು.

ದೂಮಪ್ಪ ಕಿಸೆಯಿಂದ ಟಿ.ಸಿ. ತೆಗೆದು ಮೇಜಿನ ಮೇಲಿಟ್ಟ. “ನಾನು ಟಿ.ವಿ.ಯಲ್ಲಿ ಬಂದರೆ ಈ ಒಂದು ಪದವನ್ನು ಹೊಡೆದು ಹಾಕ್ತೀರಾ, ಸರ್?”

“ಬಂದರೆ ಸಾಲದು. ಮೂರು ನಿಮಿಷ ನೀನು ಮಾಡಿದ್ದನ್ನು ಅದೇ ಟಿ.ವಿ.ಯಲ್ಲಿ ನಾನು ಕೇಳಬೇಕು. ಕೇಳಿದರೆ ಅದೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕ್ತೇನೆ. ನಾನು ಮಾತಿಗೆ ತಪ್ಪುವವನಲ್ಲ.”

ಆದಿತ್ಯವಾರ ಬೆಳಿಗ್ಗೆ ಓಣಿಯೇ ದೂಮಪ್ಪನ ಗಂಟಲಿನ ಉಸ್ತುವಾರಿ ವಹಿಸಿಕೊಂಡಿತು. ಪಕ್ಕದ ಮನೆಯ ಸರಸಕ್ಕ ಕಾಳುಮೆಣಸಿನ ಕಷಾಯ ತಂದಳು. ಎದುರು ಮನೆಯ ವಿಲ್ಫ್ರೆಡ್ ಹಸಿ ಮೊಟ್ಟೆ ಕುಡಿಸಿದ. ಎರಡೂ ಹೊಟ್ಟೆಯಲ್ಲಿ ಜಗಳಕ್ಕೆ ಬಿದ್ದವು.

“ಅಲ್ಲಿ ಮುಟ್ಟುವವರೆಗೆ ಬಾಯಿ ಬಿಡಬಾರದು, ಆಯ್ತಾ?” ಎಂದ ವಿಲ್ಫ್ರೆಡ್.

“ಬಾಯಿ ಬಿಡದಿದ್ದರೆ ತುಕ್ಕು ಹಿಡೀತದೆ ಮಾರ್ರೇ. ಬಸ್ಸಿನಲ್ಲಿ ಸ್ವಲ್ಪ ತಾಲೀಮು ಮಾಡಿ,” ಎಂದಳು ಸರಸಕ್ಕ.

ದೂಮಪ್ಪ ಸರಸಕ್ಕನ ಮಾತು ಕೇಳಿದ. ಅದೇ ತಪ್ಪಾಯಿತು. ಉಡುಪಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಬೇರಿಂಗ್ ಹೋದ ಎಂಜಿನನ್ನು ಮೆತ್ತಗೆ ‘ಕಟ ಕಟ ಕಟ’ ಎನ್ನಿಸಿದ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ಇಳಿದು, ಬಾನೆಟ್ ಎತ್ತಿ, ತಲೆ ಕೆರೆದುಕೊಂಡು ಮತ್ತೆ ಹತ್ತಿದ. ಅರ್ಧ ಮೈಲಿ ಹೋಗುವಾಗ ಮತ್ತೆ ‘ಕಟ ಕಟ’. ಮತ್ತೆ ಬಾನೆಟ್. ಬಸ್ಸಿನಲ್ಲಿದ್ದವರು ಬಸ್ಸಿನ ಧಣಿಯ ವಂಶವನ್ನೇ ವಿಚಾರಿಸತೊಡಗಿದರು. ಮೂರನೆಯ ಸಲ ಉದ್ಯಾವರದ ಸೇತುವೆಯ ಮೇಲೆ ಕಂಡಕ್ಟರ್ ಚಂದು ಸದ್ದಿನ ಜಾಡು ಹಿಡಿದು ಬಂದು ದೂಮಪ್ಪನ ಬಾಯಿಯ ಎದುರು ನಿಂತ.

“ಎಂತ ಮಾರ್ರೇ, ನಿಮ್ಮ ಹೊಟ್ಟೆಯೊಳಗೆ ಗಿಯರ್ ಬಾಕ್ಸ್ ಉಂಟಾ?”

“ತಾಲೀಮು...” ಎಂದ ದೂಮಪ್ಪ.

“ಇಳಿದು ಮಾಡಿ!”

ಇಳಿದ. ಕೈ ಅಡ್ಡ ಹಿಡಿದಾಗ ನಿಂತದ್ದು ಮಣಿಪಾಲದ ಕಡೆ ಹೋಗುವ ಒಂದು ಮೀನಿನ ಟೆಂಪೊ ಮಾತ್ರ. ಬುಟ್ಟಿಗಳ ನಡುವೆ ಕೂತು ಗುಡ್ಡ ಹತ್ತುವಷ್ಟರಲ್ಲಿ ಪುಷ್ಪಾವತಿ ಇಸ್ತ್ರಿ ಹಾಕಿ ಕೊಟ್ಟಿದ್ದ ಬಿಳಿ ಶರ್ಟು ಬಂಗುಡೆಯ ಐಸ್‌ನೀರು ಕುಡಿದು ತೊಪ್ಪೆಯಾಗಿತ್ತು.

ಮಣಿಪಾಲದ ಸಭಾಂಗಣದ ಹೊರಗೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ಬೆಡ್‌ಶೀಟಿನಲ್ಲಿ ವೀಣೆ ಸುತ್ತಿ ಹಸುಗೂಸಿನ ಹಾಗೆ ಹಿಡಿದ ಕಾರ್ಕಳದ ಸುಭಾಷಿಣಿ, ಬೀಡಿ ಕಟ್ಟುತ್ತ ಕಲಿತ ಪದಗಳನ್ನು ತುಟಿಯಲ್ಲೇ ಗುನುಗುವ ಅಜೆಕಾರಿನ ಮುದುಕಿ, ಬೆಳಗಿನ ಮೊದಲ ಬಸ್ಸು ಹಿಡಿದು ಬಂದವರು, ಬಸ್ಸಿಲ್ಲದ ಊರಿನಿಂದ ನಡೆದೇ ಬಂದವರು. ಬಿಸಿಲಿನಲ್ಲಿ ಮೂರು ತಾಸು ನಿಂತರೂ ಒಬ್ಬರೂ ಸಾಲು ಬಿಟ್ಟು ಹೋಗಲಿಲ್ಲ. ಅಷ್ಟು ಜನರ ಗಂಟಲಿನಲ್ಲಿ ಅಷ್ಟೊಂದು ನಾದ ಇತ್ತೆಂದು ಊರಿಗೆ ಗೊತ್ತಾದದ್ದು ಆ ದಿನ. ಅಲ್ಲಿಯವರೆಗೆ ಅವರನ್ನು ಯಾರಾದರೂ ಕೇಳಿದ್ದರೆ ತಾನೆ?

ದೂಮಪ್ಪ ಬಂದು ನಿಂತದ್ದೇ ಮುಂದಿನವರು ಮೂಗು ಮುಚ್ಚಿ ಎರಡು ಹೆಜ್ಜೆ ಸರಿದರು. ಹಿಂದಿನವರೂ ಸರಿದರು. ಸುಭಾಷಿಣಿ ಒಬ್ಬಳು ಸರಿಯದೆ, “ಅಣ್ಣಾ, ನಿಮ್ಮದೆಂತ ಹಾಡಾ?” ಎಂದು ಕೇಳಿದಳು.

“ಅಲ್ಲ. ಎಂಜಿನ್.”

“ಒಳ್ಳೆಯದಾಯ್ತು. ವೀಣೆಯವರೇ ಹದಿನಾಲ್ಕು ಜನ ಉಂಟು. ಎಂಜಿನ್ ನೀವೊಬ್ಬರೇ,” ಎಂದು ನಕ್ಕಳು.

ಬಾಗಿಲಲ್ಲಿ ಕೂತ ಗುಮಾಸ್ತ ಅರ್ಜಿ ನೋಡಿ ತಲೆ ಅಲ್ಲಾಡಿಸಿದ. “ಗುರುವಿನ ಹೆಸರು ಖಾಲಿ ಉಂಟು. ಗುರು ಇಲ್ಲದವರನ್ನು ಒಳಗೆ ಬಿಡುವ ಹಾಗಿಲ್ಲ.”

ಎಂಥ ನ್ಯಾಯ! ದುಡಿದು ಕಲಿತವನಿಗೆ ಆ ಕಾಗದದಲ್ಲಿ ಒಂದು ಗೆರೆಯ ಜಾಗವಿಲ್ಲ. ಕಲೆಗೂ ಯಾರೋ ಹಿರಿಯರು ಜಾಮೀನು ನಿಲ್ಲಬೇಕು! ದೂಮಪ್ಪ ತಡವರಿಸಿ ತಾನು ಕಲಿತ ಮೊದಲ ಎಂಜಿನನ್ನು ನೆನೆದು, “ತ್ರೀ ಸಿಲಿಂಡರ್,” ಎಂದ.

ಗುಮಾಸ್ತ ಭಕ್ತಿಯಿಂದ ಬರೆದುಕೊಂಡ: ‘ಶ್ರೀ ಶೈಲೇಂದ್ರ’.

ಒಳಗೆ ಕ್ಯಾಮೆರಾ, ದೀಪಗಳು, ಮೇಜಿನ ಹಿಂದೆ ಇಬ್ಬರು ತೀರ್ಪುಗಾರರು. ಜರಿ ಶಾಲಿನ ಕೃಷ್ಣರಾಜರು ಅರ್ಜಿ ನೋಡಿ ಹುಬ್ಬೇರಿಸಿದರು. “ಓಹೋ, ಶೈಲೇಂದ್ರರ ಶಿಷ್ಯರು! ಅವರನ್ನು ಕೇಳಿದ್ದೇನೆ, ಕೇಳಿದ್ದೇನೆ. ಈಗ ಎಲ್ಲಿರುವುದು?”

“ಮಲ್ಪೆಯಲ್ಲೇ, ಸರ್. ಈಗ ವಯಸ್ಸಾಯ್ತು. ಎಣ್ಣೆ ಸ್ವಲ್ಪ ಜಾಸ್ತಿ ಬೇಕು.”

“ದೊಡ್ಡ ಕಲಾವಿದರೆಲ್ಲ ಹಾಗೆಯೇ,” ಎಂದು ಕೃಷ್ಣರಾಜರು ನಿಟ್ಟುಸಿರುಬಿಟ್ಟರು. “ಹ್ಞೂಂ, ಶುರು ಮಾಡಿ.”

ದೂಮಪ್ಪ ಕಣ್ಣು ಮುಚ್ಚಿ ಬಾಯಿ ತೆರೆದ. ‘ಡುಗ್... ಡುಗ್...’

“ಕಟ್!” ಸೌಂಡಿನವನು ಕಿವಿಯ ಹೆಡ್‌ಫೋನ್ ಕಿತ್ತ. “ಹೊರಗೆ ಯಾರೋ ಲಾರಿ ಸ್ಟಾರ್ಟ್ ಮಾಡಿದ್ದಾರೆ!”

ವಾಚ್‌ಮನ್ ಓಡಿದ. ಲಾರಿ ಇಲ್ಲವೆಂದು ಬಂದು ಹೇಳಿದ. ಮತ್ತೆ ‘ಡುಗ್... ಡುಗ್...’ ಮತ್ತೆ “ಕಟ್!” ಕಿಟಕಿಗಳನ್ನು ಮುಚ್ಚಿದರು. ಮತ್ತೆ ಶುರು, ಮತ್ತೆ “ಕಟ್!” ಪಕ್ಕದ ಕಟ್ಟಡದ ನೀರಿನ ಪಂಪನ್ನೂ ನಿಲ್ಲಿಸಿದರು. ಕೃಷ್ಣರಾಜರು ಗಡಿಯಾರ ನೋಡಿ, “ಪಾಪ, ಇವರ ಸಮಯ ಮುಗಿಯಿತು. ಮುಂದಿನವರು,” ಎಂದರು.

ಅಷ್ಟರಲ್ಲಿ ಅವರ ಪಕ್ಕ ಕೂತಿದ್ದ ಮನೋರಮಾ ಟೀಚರ್ ಎದ್ದು ನಿಂತರು. ಸಂಗೀತ ಕಲಿಸಿ ಕೂದಲು ಬಿಳಿಯಾದ ಹೆಂಗಸು. ಅವರು ಮೂರು ಸಲವೂ ನೋಡಿದ್ದು ಕಿಟಕಿಯನ್ನಲ್ಲ, ದೂಮಪ್ಪನ ಗಂಟಲನ್ನು. “ಲಾರಿಯೂ ಇಲ್ಲ, ಪಂಪೂ ಇಲ್ಲ. ಅದು ಇವರೇ. ಇವರ ಒಂದು ಸೆಕೆಂಡೂ ಇನ್ನೂ ಖರ್ಚಾಗಿಲ್ಲ. ಎಲ್ಲರೂ ಬಾಯಿ ಮುಚ್ಚಿ ಕೇಳಿ.”

ದೂಮಪ್ಪ ನಾಲ್ಕನೆಯ ಸಲ ಶುರು ಮಾಡಿದ. ಹ್ಯಾಂಡಲ್ ತಿರುಗಿತು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಬೋಟು ಬಂದರಿನ ದಕ್ಕೆ ಬಿಟ್ಟು ಹೊರಟಿತು. ಅಲೆ ಎದುರಾದಾಗ ಉಬ್ಬಸಪಟ್ಟಿತು, ಅಲೆ ಇಳಿದಾಗ ಹಗುರಾಯಿತು. ಬಲಗಡೆ ಇನ್ನೊಂದು ಬೋಟು ದಾಟಿ ದೂರವಾಯಿತು. ನಡುಗಡಲಿನಲ್ಲಿ ಒಂದು ಸಿಲಿಂಡರ್ ಸತ್ತಿತು. ಆಮೇಲೆ ಇನ್ನೊಂದು. ಆಮೇಲೆ ಏನೂ ಇಲ್ಲ. ಮರದ ಹಲಗೆಗೆ ನೀರು ತಟ್ಟುವ ಸದ್ದೊಂದೇ. ಆ ಮೌನದಲ್ಲಿ ಒಂದು ಬೋಟಿನ ಜನ ಉಸಿರು ಹಿಡಿದು ಕೂತದ್ದು ಸಭಾಂಗಣದ ಪ್ರತಿಯೊಬ್ಬರಿಗೂ ಕೇಳಿಸಿತು. ಮತ್ತೆ ಹ್ಯಾಂಡಲ್. ಒಂದು ಕೆಮ್ಮು. ಎರಡು. ಹಿಡಿಯಿತು! ದಡ ಹತ್ತಿರ ಬಂದ ಹಾಗೆ ಕಾಗೆಗಳೂ, ಬುಟ್ಟಿ ಹಿಡಿದ ಹೆಂಗಸರ ಗದ್ದಲವೂ.

ದೂಮಪ್ಪ ಕಣ್ಣು ತೆರೆದಾಗ ಸೌಂಡಿನವನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಬಾಗಿಲಲ್ಲಿ ಸುಭಾಷಿಣಿ ವೀಣೆಯನ್ನು ಗೋಡೆಗೆ ಒರಗಿಸಿ ಕಣ್ಣೊರೆಸುತ್ತಿದ್ದಳು. ಮೂಗು ಮುಚ್ಚಿದ್ದವರ ಕೈಗಳೂ ಚಪ್ಪಾಳೆಗೆಂದು ಮೂಗು ಬಿಟ್ಟಿದ್ದವು. “ಶೈಲೇಂದ್ರರ ಛಾಯೆ ಸ್ಪಷ್ಟ,” ಎಂದರು ಕೃಷ್ಣರಾಜರು.

ದೂಮಪ್ಪ ಆಯ್ಕೆಯಾದ. ಸುಭಾಷಿಣಿಯೂ ಆದಳು. ಚಿತ್ರೀಕರಿಸಿದ್ದನ್ನೇ ಎರಡು ತಿಂಗಳ ನಂತರದ ಒಂದು ಆದಿತ್ಯವಾರ ಸಂಜೆ ತೋರಿಸುತ್ತೇವೆ ಎಂದರು.

ಆ ಸಂಜೆ ರಘುಪತಿ ಮಾಸ್ಟ್ರ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಂಟೆನಾ ತಿರುಗಿಸಲು ವಿಲ್ಫ್ರೆಡ್ ಹೆಂಚಿನ ಮಾಡು ಹತ್ತಿ ಕೂತಿದ್ದ. ಪುಷ್ಪಾವತಿ ಮದುವೆಯ ಸೀರೆ ಉಟ್ಟಿದ್ದಳು. ಮೇಜಿನ ಮೇಲೆ ಟಿ.ಸಿ. ಬಿಡಿಸಿಟ್ಟಿತ್ತು. ಮಾಸ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿದ್ದರು.

“ಈಗ ಶ್ರೀ ಶೈಲೇಂದ್ರ ಅವರ ಶಿಷ್ಯ, ಕಾಪುವಿನ ದೂಮಪ್ಪ,” ಎಂದಳು ಟಿ.ವಿ.ಯ ಹುಡುಗಿ. ಪರದೆಯ ತುಂಬ ದೂಮಪ್ಪನ ಮುಖ. ಜಗಲಿ ಉಸಿರು ಬಿಗಿಹಿಡಿಯಿತು. ಮುಖ ಬಾಯಿ ತೆರೆಯಿತು.

‘ಡುಗ್... ಡುಗ್...’

ಮುಖ ಮಾಯವಾಯಿತು. ದೂರದ ಸರ್ಕಾರಿ ಟಿ.ವಿ. ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದ ಯಾವನೋ ಪುಣ್ಯಾತ್ಮ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗಿ ಗುಂಡಿ ಒತ್ತಿದ್ದ. ಪರದೆಯ ಮೇಲೆ ದಪ್ಪ ಅಕ್ಷರದ ಫಲಕವೊಂದು ಬಂದು ನಿಂತಿತು:

‘ಅಡಚಣೆಗಾಗಿ ವಿಷಾದಿಸುತ್ತೇವೆ.’

ಹಿಂದಿನಿಂದ ಮಧುರವಾದ ವೀಣೆ. ಸರಿಯಾಗಿ ಮೂರು ನಿಮಿಷ. ವಿಲ್ಫ್ರೆಡ್ ಮಾಡಿನ ಮೇಲಿಂದ “ಬಂತಾ? ಬಂತಾ?” ಎಂದು ಕೂಗುತ್ತಲೇ ಇದ್ದ. ಫಲಕ ಸರಿದಾಗ ಸುಭಾಷಿಣಿ ನಗುತ್ತ ತಂತಿ ಶ್ರುತಿ ಮಾಡುತ್ತಿದ್ದಳು.

ಮಾಸ್ಟ್ರು ಟಿ.ಸಿ.ಯನ್ನು ನೋಡಿದರು, ಟಿ.ವಿ.ಯನ್ನು ನೋಡಿದರು. ಪೆನ್ನಿನ ಮುಚ್ಚಳ ಮೆಲ್ಲಗೆ ಹಾಕಿದರು.

“ನಾನೊಬ್ಬನೇ ಬರೆದದ್ದಾಗಿದ್ದರೆ ಹೊಡೆದು ಹಾಕಬಹುದಿತ್ತು, ದೂಮಪ್ಪಾ,” ಎಂದರು, ನಿಜವಾದ ಸಂಕಟದಿಂದ. “ಈಗ ಸರ್ಕಾರವೂ ಅದೇ ಪದ ಬರೆದಿದೆ. ನಾನೆಂತ ಮಾಡಲಿ ಮಾರಾಯ?”

ದೂಮಪ್ಪ ಟಿ.ಸಿ. ಮಡಚಿ ಕಿಸೆಗೆ ಹಾಕಿದ. ಮಗಳ ಕೈ ಹಿಡಿದು ಮೆಟ್ಟಿಲ ಬಳಿ ಬಂದ. ಬಾಯಿ ತೆರೆದ.

‘ಢಣ್ ಢಣ್ ಢಣ್ ಢಣ್ ಢಣ್...’

ಲಾಂಗ್ ಬೆಲ್! ಇಡೀ ಜಗಲಿ ದಡಬಡನೆ ಎದ್ದು ಅಂಗಳಕ್ಕೆ ಇಳಿಯಿತು. ಅಂಗಳದಾಚೆಯ ಬೇಲಿಯವರೆಗೆ ಹೋದ ಮೇಲೆಯೇ ಅವರಿಗೆಲ್ಲ ತಾವು ಶಾಲೆ ಬಿಟ್ಟು ಎಷ್ಟೋ ಕಾಲವಾಯಿತೆಂದು ನೆನಪಾದದ್ದು. ತಿರುಗಿ ನೋಡಿದರೆ ರಘುಪತಿ ಮಾಸ್ಟ್ರು ಕೊಡೆ ಕಂಕುಳಿಗೆ ಸಿಕ್ಕಿಸಿ, ಒಂದು ಕಾಲು ಚಪ್ಪಲಿಯಲ್ಲಿಟ್ಟು, ಇನ್ನೊಂದನ್ನು ತಮ್ಮದೇ ಮನೆಯ ಬಾಗಿಲಲ್ಲಿ ಹುಡುಕುತ್ತಿದ್ದರು.