ಬಾಗಿಲ ಹಿಂದೆ ಏನಿತ್ತು?

ಮೂರು ವಾರದಿಂದ ಲಿಫ್ಟ್ ಮೆಕ್ಯಾನಿಕ್‌ನ ಬಾಳು ಕಿವಿ ಮುಚ್ಚಿಕೊಳ್ಳುವುದರಲ್ಲೇ ಕಳೆದಿತ್ತು. ಊರೆಲ್ಲ ಆ ಒಂದು ಸಿನಿಮಾದ ಮಾತು. ದೂರದ ಯಾವುದೋ ಗ್ರಹದಲ್ಲಿ ಒಂದು ಬಾಗಿಲು ನಿಂತಿದೆಯಂತೆ. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಅಲ್ಲಿಗೆ ಹೋದ ವಿಜ್ಞಾನಿ ಅದನ್ನು ತೆಗೆಯಲೋ ಬೇಡವೋ ಎಂದು ಎರಡು ಗಂಟೆ ಯೋಚಿಸಿ, ಕೊನೆಗೆ ತೆಗೆಯುತ್ತಾಳಂತೆ. ಆಮೇಲೆ? ವರ್ಕ್‌ಶಾಪಿನಲ್ಲಿ ಯಾರಾದರೂ ಆ ‘ಆಮೇಲೆ’ಗೆ ಬಾಯಿ ತೆರೆದರೆ ಸಾಕು, ನಮ್ಮ ಮೆಕ್ಯಾನಿಕ್ ಎರಡೂ ಕಿವಿಗೆ ಬೆರಳಿಟ್ಟು ಓಡುತ್ತಿದ್ದ. ಆ ಬಾಗಿಲನ್ನು ಕಣ್ಣಾರೆ ನೋಡಿಯೇ ತಿಳಿಯಬೇಕೆಂಬುದು ಅವನ ಹಟ.

ಭಾನುವಾರ ಮಧ್ಯಾಹ್ನ ಕೊನೆಯ ಆಟ. ನಾಳೆಯಿಂದ ಬೇರೆ ಸಿನಿಮಾ. ಅವನು ಷೂ ಹಾಕಿಕೊಳ್ಳುತ್ತಿದ್ದಾಗಲೇ ನರ್ಸ್ ಹೆಂಡತಿಗೆ ಆಸ್ಪತ್ರೆಯಿಂದ ಫೋನ್ ಬಂತು.

“ರೀ, ಡ್ಯೂಟಿಗೆ ಕರೀತಿದಾರೆ. ಮಕ್ಕಳನ್ನೂ ಕರ್ಕೊಂಡು ಹೋಗ್ಬಿಡಿ.”

“ಅದು ಮಕ್ಕಳ ಸಿನಿಮಾ ಅಲ್ಲ ಕಣೇ! ಅದರಲ್ಲಿ ಬರೀ ಯೋಚನೆ ಮಾಡ್ತಾರೆ.”

“ಒಳ್ಳೇದಾಯ್ತು. ಇವೂ ಒಂದು ದಿನ ಯೋಚನೆ ಮಾಡೋದು ಕಲೀಲಿ,” ಎಂದು ಅವಳು ಹೊರಟೇಬಿಟ್ಟಳು.

ಏಳು ವರ್ಷದ ಮಗಳು ಬಲಕ್ಕೆ, ನಾಲ್ಕು ವರ್ಷದ ಮಗ ತೊಡೆಯ ಮೇಲೆ. ದೀಪ ಆರಿತು, ತೆರೆಯ ಮೇಲೆ ಬಾಗಿಲು ಮೂಡಿತು. ಇಡೀ ಹಾಲ್ ಉಸಿರು ಬಿಗಿಹಿಡಿದು ಕೂತಿತು.

“ಅಪ್ಪಾ, ಆ ಆಂಟಿ ಯಾಕೆ ಸುಮ್ನೆ ನಿಂತಿದಾರೆ?” ಎಂದ ಮಗ, ಹಾಲಿನ ಕೊನೆಗೂ ಕೇಳುವ ಹಾಗೆ.

“ಯೋಚನೆ ಮಾಡ್ತಿದಾರೆ. ಸುಮ್ನಿರು.”

“ಮುಗೀತಾ?”

“ಇಲ್ಲ.”

“ಈಗ?”

ಮುಂದಿನ ಸಾಲಿನ ಬೋಳುತಲೆಯವರು ತಿರುಗಿ ದುರುಗುಟ್ಟಿದರು. ಮೆಕ್ಯಾನಿಕ್‌ಗೆ ಸೀಟಿನೊಳಗೇ ಇಳಿದುಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಮಗಳು ಬಾಯಿ ಬಿಟ್ಟಳು.

“ಅಪ್ಪಾ, ಗೋಡೆನೇ ಇಲ್ವಲ್ಲ! ಸುತ್ತು ಹಾಕ್ಕೊಂಡು ಹಿಂದೆ ಹೋಗಿ ನೋಡ್ಬಾರ್ದಾ?”

ಹಾಲ್ ಗೊಳ್ಳೆಂದಿತು. ಬೋಳುತಲೆಯವರು ಗಳಿಗೆ ಹೊತ್ತು ಯೋಚಿಸಿ, “ಹುಡುಗಿ ಹೇಳೋದು ಸರಿ ಕಣ್ರೀ,” ಎಂದರು. ಪಕ್ಕದ ಸೀಟಿನ ಅಜ್ಜಿಯಂತೂ ಅಲ್ಲಿಂದ ಮುಂದೆ ಸಿನಿಮಾ ಬಿಟ್ಟು ಮಗಳನ್ನೇ ಕೇಳತೊಡಗಿದರು: “ಈಗೇನಾಯ್ತು ಪುಟ್ಟೀ?” ಅವಳೋ ಗತ್ತಿನಿಂದ ವಿವರಿಸಿದಳು.

ಮಗನನ್ನು ಮೂರು ಸಲ ಬಚ್ಚಲಿಗೆ ಹೊತ್ತು ತಂದದ್ದಾಯಿತು. ಕೊನೆಗೂ ವಿಜ್ಞಾನಿ ಬಾಗಿಲ ಹಿಡಿಗೆ ಕೈ ಹಾಕಿದಳು. ಮೆಕ್ಯಾನಿಕ್ ಸೀಟಿನ ತುದಿಗೆ ಸರಿದ.

“ಅಪ್ಪಾ... ಬಂತು.”

“ಅಯ್ಯೋ, ಎರಡೇ ನಿಮಿಷ ತಡ್ಕೊಳೋ, ನನ್ನಪ್ಪಾ!”

“ಆಗಲ್ಲ!”

“ನೀವು ಹೋಗ್ಬನ್ನಿ, ಪುಟ್ಟೀನ ನಾನು ನೋಡ್ಕೋತೀನಿ,” ಎಂದರು ಅಜ್ಜಿ. ಅವನು ಮಗನನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ. ಮುಗಿಸಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದರೆ ಹಾಲಿನಲ್ಲಿ ದೀಪಗಳು ಝಗಝಗ. ಮುಗಿದೇ ಹೋಯಿತು ಎಂದುಕೊಂಡ.

“ಮುಗಿದಿಲ್ಲಪ್ಪಾ!” ಮಗಳು ಸೀಟಿನ ಮೇಲೆ ನಿಂತಿದ್ದಳು. “ನಮ್ಮಪ್ಪ ಬರೋವರೆಗೂ ನಿಲ್ಸಿ ಅಂತ ಕೂಗಿದೆ. ನಿಲ್ಸಿದ್ರು!”

“ನಾವೂ ಕೂಗಿದ್ವಿ. ಪ್ರೊಜೆಕ್ಟರ್ ಆಪರೇಟರ್ ನಿಮ್ಮನ್ನ ಹುಡುಕ್ಕೊಂಡು ಕೆಳಗೆ ಹೋದ್ರು,” ಎಂದರು ಬೋಳುತಲೆಯವರು.

ಮೆಕ್ಯಾನಿಕ್‌ನ ಕಣ್ಣು ತುಂಬಿ ಬಂತು. ಇಂಥ ಮಗಳನ್ನು ಪಡೆಯಲು ಏನು ಪುಣ್ಯ ಮಾಡಿದ್ದೆನೋ ಅಂದುಕೊಂಡು ಕೂತ. ಎಲ್ಲರೂ ಕಾದರು. ಸಿನಿಮಾ ಶುರುವಾಗಲೇ ಇಲ್ಲ. ಆಗ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

“ಕ್ಷಮಿಸಿ, ಆಪರೇಟರ್ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ಇಲ್ಲಿ ಯಾರಿಗಾದ್ರೂ ಲಿಫ್ಟ್ ರಿಪೇರಿ ಗೊತ್ತಾ?”

ಮೆಕ್ಯಾನಿಕ್ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಮಗಳು ಹೆಮ್ಮೆಯಿಂದ ಕೈ ಎತ್ತಿ ಕೂಗಿದಳು: “ನಮ್ಮಪ್ಪಂಗೆ ಗೊತ್ತು!”

ಚಪ್ಪಾಳೆಯೋ ಚಪ್ಪಾಳೆ! ಮಕ್ಕಳನ್ನು ಅಜ್ಜಿಗೊಪ್ಪಿಸಿ ಅವನು ತಾರಸಿಯ ಮೋಟರ್ ರೂಮಿಗೆ ಹತ್ತಿದ. ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ, ಲಿಫ್ಟನ್ನು ಇಂಚಿಂಚಾಗಿ ಮೇಲಕ್ಕೆ ತಂದ. “ಬದುಕಿದೆ ಸಾರ್! ಜನ ಕಾಯ್ತಿದಾರೆ!” ಎಂದು ಕೆಳಗಿನಿಂದ ಕೂಗಿದ ಆಪರೇಟರ್, ತಾನು ಯಾರಿಗಾಗಿ ಸಿನಿಮಾ ನಿಲ್ಲಿಸಿದ್ದನೋ ಅವನೇ ಇವನೆಂದು ತಿಳಿಯದೆ ಓಡಿದ. ಮೆಕ್ಯಾನಿಕ್ ಬ್ರೇಕ್ ಬಿಗಿಮಾಡಿ, ಗ್ರೀಸ್ ಕೈಯಲ್ಲೇ ದಡದಡ ಇಳಿದು ಬಂದಾಗ ಜನ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು.

ಅವನು ಗೋಡೆಗೊರಗಿ ನಿಂತುಬಿಟ್ಟ. ಇನ್ನು ಹಟ ಕಟ್ಟಿಕೊಂಡು ಆಗಬೇಕಾದ್ದೇನು? ಅಜ್ಜಿಯ ಕೈ ಬಿಡಿಸಿಕೊಂಡು ಮಕ್ಕಳು ಓಡಿ ಬಂದರು.

“ಹೇಳಮ್ಮಾ, ಬಾಗಿಲ ಹಿಂದೆ ಏನಿತ್ತು?”

“ಗೊತ್ತಿಲ್ಲಪ್ಪಾ. ನಿಲ್ಸಿ ಅಂತ ಮತ್ತೆ ಕೂಗಿದೆ, ಈ ಸಲ ಯಾರೂ ಕೇಳ್ಲಿಲ್ಲ. ನೀನು ನೋಡ್ದೇ ಇರೋದನ್ನ ನಾನ್ಯಾಕೆ ನೋಡ್ಲಿ? ಕಣ್ಣು ಮುಚ್ಕೊಂಡೆ.”

ಅವನು ಮಗನ ಕಡೆ ಆಸೆಯಿಂದ ತಿರುಗಿದ. ಮಗ ಮುಖ ಸಿಂಡರಿಸಿದ.

“ಅಕ್ಕ ನನ್ ಕಣ್ಣೂ ಮುಚ್ಬಿಟ್ಳು.”